ಹದಿನೇಳನೆಯ ರಿವಾಲ್ವರಿನ ಜಾತಕ

ಅವರ ಕೈಗವಸುಗಳನ್ನು ಹಳೆಯ ಬನಿಯನ್ ಬಟ್ಟೆ ಕತ್ತರಿಸಿ ಹೊಲಿಯಲಾಗಿತ್ತು. ಹೊಲಿದವರು ಅವರ ಹೆಂಡತಿ. ಒಗೆದು ಒಗೆದು ನೀಲಿ ಹಿಡಿದ ಬಿಳುಪು, ಹೆಬ್ಬೆರಳಿನ ತುದಿಯಲ್ಲಿ ಯಾವಾಗಲೂ ಒಂದು ತೇಪೆ. ಮನುಷ್ಯರ ಬೆವರು ಕಬ್ಬಿಣಕ್ಕೆ ವಿಷ ಎಂದು ಅವರು ನಂಬಿದ್ದರು. ಹಾಗಾಗಿ ರಿವಾಲ್ವರ್ ಮುಟ್ಟುವ ಮುನ್ನ ಆ ಗವಸುಗಳನ್ನು ಒಂದೊಂದೇ ಬೆರಳಿಗೆ, ಅವಸರವಿಲ್ಲದೆ, ಏರಿಸಿಕೊಳ್ಳುತ್ತಿದ್ದರು. ತಮ್ಮ ಮನೆಯ ಹಳೆಯ ರಿವಾಲ್ವರನ್ನು ಟವೆಲಿನಲ್ಲಿ ಸುತ್ತಿ ತಂದವರು ಅಷ್ಟು ಹೊತ್ತೂ ಎದುರಿಗೆ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದರು. ಅವರಿಗೆ ಒಂದು ಲೋಟ ನೀರನ್ನೂ ಕೊಡುತ್ತಿರಲಿಲ್ಲ. ಕಾಗದಕ್ಕೆ ಸಹಿ ಬಿದ್ದ ಮೇಲೆ ಕಾಫಿ ಬರುತ್ತಿತ್ತು.

ಆರ್.ಟಿ. ನಗರದಲ್ಲಿ ಎಲ್ಲರೂ ಅವರನ್ನು ಶಿರಸ್ತೇದಾರರು ಎಂದೇ ಕರೆಯುತ್ತಿದ್ದರು. ಆಯುಧ ಲೈಸೆನ್ಸಿನ ಕಡತಗಳ ಮೇಲೆ ಮೂವತ್ತು ವರ್ಷ ಕೂತು ನಿವೃತ್ತರಾಗಿದ್ದರು. ಅಲ್ಲಿ ಆಗ ಕೆಂಪುಮಣ್ಣಿನ ರಸ್ತೆ, ಸೈಟಿನ ಕಲ್ಲುಗಳು, ನಡುನಡುವೆ ಒಂದೊಂದು ಮನೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ಗಾಜಿನ ಬೀರು, ಬೀರಿನೊಳಗೆ ರಿವಾಲ್ವರುಗಳು. ಯಲಹಂಕದ ಕಡೆಯಿಂದ ತರಬೇತಿಯ ವಿಮಾನ ಹಾದುಹೋದಾಗ ಗಾಜು ಸಣ್ಣಗೆ ನಡುಗುತ್ತಿತ್ತು, ಆಗ ಮಾತ್ರ ಅವರ ಮುಖದಲ್ಲಿ ಆತಂಕ ಕಾಣುತ್ತಿತ್ತು.

ನಾನು ಎಪ್ಪತ್ತರ ದಶಕದ ನಡುವಿನಲ್ಲಿ ಗದಗಿನಿಂದ ಬಂದವಳು. ಅಣ್ಣ ಕಾರ್ಖಾನೆಯಲ್ಲಿ ಫಿಟ್ಟರ್, ಯಶವಂತಪುರದಲ್ಲಿ ಅವನ ಮನೆ. ಬೆಳಿಗ್ಗೆ ಒಂದು ಕಾಲೇಜಿನ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೆ, ಸಂಜೆ ನಾಲ್ಕರಿಂದ ಆರರವರೆಗೆ ಶಿರಸ್ತೇದಾರರ ಮನೆಯಲ್ಲಿ. ಅವರು ನನ್ನನ್ನು ‘ಧಾರವಾಡ’ ಎಂದು ಕರೆಯುತ್ತಿದ್ದರು. ಗದಗು ಎಂದು ಹತ್ತು ಸಲ ಹೇಳಿದೆ, ಪ್ರಯೋಜನವಾಗಲಿಲ್ಲ. ಮೂರು ತಲೆಮಾರಿನ ಹಿಂದಿನ ಸತ್ತವರ ವಿಳಾಸವನ್ನು ಹಿಡಿದು ಜಗ್ಗುವ ಮನುಷ್ಯನಿಗೆ ಎದುರಿಗೆ ಕೂತವಳ ಊರು ಬೇಕಾಗಿರಲಿಲ್ಲ.

ಮೊದಲ ದಿನ ಒಂದು ರಿವಾಲ್ವರನ್ನು ನನ್ನ ಮುಂದಿಟ್ಟು, “ಇದೇನು?” ಎಂದರು.

“ಪಿಸ್ತೂಲ್ ರೀ.”

“ಅಲ್ಲ. ಈ ಉರುಳೆ ತಿರುಗತ್ತೆ ನೋಡು, ಆರು ಗುಂಡು ಕೂರತ್ತೆ. ರಿವಾಲ್ವರ್. ಅದೂ ಇದಕ್ಕೆ ಕಾಗದ ಇದೆ ಅಂತ ರಿವಾಲ್ವರ್. ಕಾಗದ ಇಲ್ದಿದ್ರೆ ಬರೀ ಕಬ್ಬಿಣ ಕಣಮ್ಮ, ಗುಜರಿಗೆ ಹಾಕ್ಬೇಕು.”

ಪ್ರತಿಯೊಂದು ರಿವಾಲ್ವರಿಗೂ ಅವರು ಒಂದು ಕಡತ ಮಾಡಿ ಅದನ್ನು ಜಾತಕ ಎನ್ನುತ್ತಿದ್ದರು. ಯಾರು ಕೊಂಡರು, ಯಾರು ಯಾರಿಗೆ ಕೊಟ್ಟರು, ಯಾವ ಲೈಸೆನ್ಸು, ಯಾವ ಫೋಟೊ, ಎಲ್ಲವೂ ಅದರಲ್ಲಿ ಇರಬೇಕು. ಪೊಲೀಸ್ ಆಯುಧಾಗಾರದಲ್ಲಿ ಅದರ ಪಿನ್ನು ತೆಗೆಸಿ, ಇನ್ನು ಇದು ಸಿಡಿಯುವುದಿಲ್ಲ ಎಂಬ ಸರ್ಟಿಫಿಕೇಟನ್ನೂ ಸೇರಿಸುತ್ತಿದ್ದರು. ಕಡತದ ಕೊನೆಯಲ್ಲಿ ಕಡೆಯ ಒಡೆಯರ ಹೇಳಿಕೆ. ಅದನ್ನು ನಾನು ಟೈಪ್ ಮಾಡಬೇಕು, ಆಮೇಲೆ ಹೇಳಿಕೆ ಕೊಟ್ಟವರ ಮುಂದೆ, ಅವರ ಮನೆಯವರೊಬ್ಬರನ್ನು ಸಾಕ್ಷಿಗೆ ಕೂರಿಸಿಕೊಂಡು, ಜೋರಾಗಿ ಓದಬೇಕು. ‘ಓದಿ ಹೇಳಲಾಗಿ ಸರಿಯೆಂದು ಒಪ್ಪಿ, ಸ್ವಂತ ಇಚ್ಛೆಯಿಂದ ಸಹಿ ಮಾಡಿರುತ್ತೇನೆ’ ಎಂಬುದು ಕೊನೆಯ ಸಾಲು. ಕಚೇರಿಯಲ್ಲಿ ಅಂಟಿದ ಈ ಪದ್ಧತಿಯನ್ನು ಅವರು ಮನೆಗೆ ತಂದುಕೊಂಡಿದ್ದರು.

ನನ್ನ ಧ್ವನಿ ಚೆನ್ನಾಗಿತ್ತು. ಅಕ್ಷರ ನುಂಗದೆ ಓದುತ್ತೇನೆ ಎಂದು ಅವರು ಮೆಚ್ಚಿದ್ದರು, ಆ ಮೆಚ್ಚುಗೆಗೆ ನಾನು ಉಬ್ಬಿದ್ದೆ.

ಹುಣಸಮಾರನಹಳ್ಳಿಯಿಂದ ಪಟೇಲರ ಹೆಂಡತಿಯೊಬ್ಬಳು ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ಗಂಡ ತೀರಿಕೊಂಡಿದ್ದ. ಆತ ರಿವಾಲ್ವರನ್ನು ಚಿರತೆ ಬೆದರಿಸಲು ಇಟ್ಟುಕೊಂಡಿದ್ದ ಎಂದು ಆಕೆ ಹೇಳಿದಳು. ಶಿರಸ್ತೇದಾರರು ಲೈಸೆನ್ಸ್ ಪುಸ್ತಕ ತಿರುವಿದರು.

“ಒಂದು ಗುಂಡಿನ ಲೆಕ್ಕ ಕೊಟ್ಟಿಲ್ವಲ್ಲ ನಿಮ್ಮ ಯಜಮಾನ್ರು. ಎಲ್ಲಿ ಹೋಯ್ತು?”

“ಅದೇನೋ ಸ್ವಾಮಿ, ನಂಗೇನ್ ಗೊತ್ತು.”

“ನಿಮ್ಮ ಎಡಗಿವಿ ಅರ್ಧ ಇಲ್ವಲ್ಲಮ್ಮ.”

ಆಕೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಸೊಸೆಗೆ ಆ ಕಿವಿಯನ್ನು ಹಸು ಹಾಯ್ದದ್ದು ಎಂದು ಹೇಳಿದ್ದಳಂತೆ. ಯಾವ ಹಬ್ಬ, ಯಾವ ಗೋಡೆ, ಗಂಡ ಕುಡಿದಿದ್ದನೋ ಇಲ್ಲವೋ ಎಂದು ಶಿರಸ್ತೇದಾರರು ಒಂದು ಗಂಟೆ ಕೇಳಿದರು. ಕೊನೆಗೆ ಆಕೆ, “ಅಂಗೇ ಬರ್ಕೊಳವ್ವಾ, ಎಂಗೂ ಸತ್ತೋದ,” ಎಂದು ನನ್ನ ಕಡೆ ನೋಡದೆ ಹೇಳಿದಳು. ಗಂಡ ಹಾರಿಸಿದ ಗುಂಡಿಗೆ ಕಿವಿ ಹರಿದದ್ದನ್ನೆಲ್ಲ ನಾನು ಸೊಸೆಯ ಮುಂದೆ ಸ್ಪಷ್ಟವಾಗಿ ಓದಿದೆ. ಹೊರಡುವಾಗ ಆಕೆ ಕಾಫಿ ಮುಟ್ಟಲಿಲ್ಲ. ಆ ದಿನ ಶಿರಸ್ತೇದಾರರು ಎರಡು ಲೋಟ ಕುಡಿದರು.

ಅವರನ್ನು ಬರೀ ಕೆಟ್ಟವರೆಂದು ಬರೆದು ಮುಗಿಸಿದರೆ ಸುಲಭ. ಆದರೆ ಅವರು ಯಾರಿಗೂ ಮೋಸ ಮಾಡಲಿಲ್ಲ, ಒಂದೇ ಒಂದು ಕಾಗದವನ್ನೂ ತಿದ್ದಲಿಲ್ಲ. ಮಸಿಯ ಬಣ್ಣ ನೋಡಿ ಕಾಗದದ ವಯಸ್ಸು ಹೇಳುವುದನ್ನು, ಎರಡು ಸಹಿಗಳನ್ನು ಬೆಳಕಿಗೆ ಹಿಡಿದು ಹೋಲಿಸುವುದನ್ನು ನನಗೆ ಕಲಿಸಿದರು. ಮುಂದೆ ಒಂದು ದಾಖಲೆ ಕೊಠಡಿಯಲ್ಲಿ ನನಗೆ ಕೆಲಸ ಸಿಕ್ಕಿತು, ನಿವೃತ್ತಿಯವರೆಗೆ ಅನ್ನ ಹಾಕಿದ್ದು ಅದೇ ವಿದ್ಯೆ. ಅವರಿಗೆ ಸುಳ್ಳೆಂದರೆ ಆಗುತ್ತಿರಲಿಲ್ಲ. ಸತ್ಯ ಗೊತ್ತಾದಾಗ ಎದುರಿಗಿದ್ದವರ ಮುಖ ಕುಸಿಯುವುದನ್ನು ನೋಡುವುದೂ ಅವರಿಗೆ ಬೇಕಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

ಯಶವಂತಪುರದ ಮಾರ್ಕೆಟ್ಟಿನ ಹಿಂದೆ ಗಾದಿ ಹೊಲಿಯುವ ಮುದುಕರೊಬ್ಬರಿದ್ದರು. ಗಾದಿ, ಜಟಕಾ ಸೀಟು, ಆಮೇಲಾಮೇಲೆ ಆಟೋ ಸೀಟು. ಮನೆಯೊಳಗೆ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ಅಣ್ಣನ ಮದುವೆಯ ಹಾಸಿಗೆಯನ್ನು ಹೊಲಿದವರು ಅವರೇ. ತಮ್ಮ ತಂದೆಯ ಕಾಲದ ಒಂದು ರಿವಾಲ್ವರ್ ಹತ್ತಿಯ ಮೂಟೆಯಲ್ಲಿದೆ, ಏನು ಮಾಡುವುದೋ ಗೊತ್ತಿಲ್ಲ ಎಂದು ಒಂದು ದಿನ ಅಂಜುತ್ತಾ ಹೇಳಿದರು. ನಮ್ಮ ಶಿರಸ್ತೇದಾರರ ಹತ್ತಿರ ಬನ್ನಿ ಎಂದವಳು ನಾನು. ಇದನ್ನು ಇಲ್ಲೇ ಹೇಳಿಬಿಡಬೇಕು.

ಅವರ ತಂದೆ ದಂಡು ಪ್ರದೇಶದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯ ಬಂಗಲೆಯಲ್ಲಿ ಆಳು. ಕುದುರೆಯ ಜೀನು ಹೊಲಿಯುವುದು ಅವರ ಕೆಲಸವಾಗಿತ್ತು. ಅಧಿಕಾರಿ ತನ್ನ ದೇಶಕ್ಕೆ ಹೊರಟಾಗ ರಿವಾಲ್ವರನ್ನು ಕೈಯಾರೆ ಕೊಟ್ಟು ಹೋದನಂತೆ. ತಂದೆ ಅದರ ಹಿಡಿಗೆ ಜೀನಿನ ಚರ್ಮದ ಕವಚ ಹೊಲಿದಿದ್ದರು, ಆ ಮನೆಯವರಿಗೆ ಮಾತ್ರ ಬರುವ ಜೋಡಿ ಹೊಲಿಗೆ. ಜೊತೆಗೆ ಒಂದು ಫೋಟೊ: ಕುದುರೆ, ಕುದುರೆಯ ಮೇಲೆ ಅಧಿಕಾರಿ, ಲಗಾಮು ಹಿಡಿದು ನಿಂತ ತಂದೆ. ತಂದೆಯ ಮುಖ ಇದ್ದದ್ದು ಆ ಒಂದು ಫೋಟೊದಲ್ಲಿ ಮಾತ್ರ.

“ನಂಗೇನೂ ಬೇಡ ಸಾಬ್,” ಎಂದರು ಮುದುಕರು. “ಆ ಗಾಜಲ್ಲಿ ಇಡಿ. ಕೆಳಗೆ ಒಂದು ಚೀಟೀಲಿ ನಮ್ ಬಾವಾ ಹೆಸರು ಬರೀರಿ. ಬಾವಾ ಅಂದ್ರೆ ನಮ್ ತಂದೆ. ಅಷ್ಟೇ.”

ಶಿರಸ್ತೇದಾರರು ಕೈಗವಸು ಏರಿಸಿ ಉರುಳೆಯನ್ನು ತಿರುಗಿಸಿ ಅದರ ಮೇಲಿನ ನಂಬರನ್ನು ಓದಿದರು. ಹಿಡಿಯ ಕಡೆಯೂ ನಂಬರು ಇರುತ್ತದೆ, ಚರ್ಮ ಬಿಚ್ಚಿ ನೋಡಲೇ ಎಂದು ನಾನು ಕೇಳಿದೆ. “ಮುಟ್ಬೇಡ. ಹೊಲಿಗೆ ಬಿಚ್ಚಿದ್ರೆ ಮೂಲ ಸ್ಥಿತಿ ಹಾಳಾಗತ್ತೆ. ಆಮೇಲೆ ಮೂರ್ಕಾಸಿನ ಬೆಲೆ ಇರಲ್ಲ,” ಎಂದು ಗದರಿದರು. ಕಳೆದುಹೋದ, ಕಳುವಾದ ಆಯುಧಗಳ ನಂಬರುಗಳನ್ನು ಮೂವತ್ತು ವರ್ಷ ಬರೆದಿಟ್ಟುಕೊಂಡ ನೋಟ್‌ಬುಕ್ ಅವರ ಬಳಿ ಇತ್ತು. ಅದನ್ನು ತೆರೆದು ಬೆರಳು ಓಡಿಸುತ್ತಾ ಹೋದವರು ಒಂದು ಕಡೆ ನಿಂತು ಮಗುವಿನ ಹಾಗೆ ನಕ್ಕರು.

“ಸಿಕ್ತು! ದಂಡು ಪ್ರದೇಶ, ಬಂಗಲೆಯಿಂದ ಕಳುವು. ಇದೇ ನಂಬರ್.”

ಅವರ ಬೀರಿನಲ್ಲಿ ಇನಾಮಿನ ರಿವಾಲ್ವರಿತ್ತು, ಬೇಟೆಯದಿತ್ತು, ಕೊಲೆಯ ಮೊಕದ್ದಮೆಯದೂ ಒಂದಿತ್ತು. ಕದ್ದದ್ದು ಇರಲಿಲ್ಲ, ಅದೂ ತಪ್ಪೊಪ್ಪಿಗೆಯ ಸಮೇತ. ಮುದುಕರು “ನೈಂ ಸಾಬ್, ಹಮಾರೇ ಬಾವಾ ಚೋರ್ ನೈಂ” ಎಂದು ಹೇಳುತ್ತಲೇ ಇದ್ದರು. ಶಿರಸ್ತೇದಾರರು ಆಗಲೇ ಹೊಸ ಕಡತಕ್ಕೆ ಹದಿನೇಳು ಎಂದು ನಂಬರು ಹಾಕುತ್ತಿದ್ದರು.

ಮರುವಾರ ಮುದುಕರು ಮಗನೊಂದಿಗೆ ಬಂದರು. ಮಗ ಕಾರ್ಖಾನೆಯಲ್ಲಿ ತರಬೇತಿಯಲ್ಲಿದ್ದ, ಕೆಲಸ ಕಾಯಂ ಆಗುವ ಹೊತ್ತು.

“ಲೈಸೆನ್ಸ್ ಇಲ್ದೆ ಇಷ್ಟು ವರ್ಷ ಮನೇಲಿಟ್ಕೊಂಡಿದ್ದೀರಿ,” ಎಂದರು ಶಿರಸ್ತೇದಾರರು, ಎಲೆ ಅಡಿಕೆ ಕೇಳುವ ಧ್ವನಿಯಲ್ಲಿ. “ನಿಜ ಬರೆದುಕೊಟ್ರೆ ಠಾಣೆಗೆ ನಾನೇ ಒಪ್ಪಿಸಿ, ಹಳೇ ವಸ್ತು ಅಂತ ಬಿಡಿಸ್ಕೋತೀನಿ. ಇಲ್ಲ ಅಂದ್ರೆ ವಾಪಸ್ ತಗೊಂಡ್ಹೋಗಿ. ನಾಳೆ ಪೊಲೀಸ್ರು ಬಂದ್ರೆ ಹುಡುಗನ ಕೆಲಸದ ಗತಿ ನೀವೇ ಯೋಚ್ನೆ ಮಾಡಿ.”

ಮುದುಕರು ಮಗನನ್ನು ನೋಡಿದರು. ಮಗ ನೆಲ ನೋಡಿದ. ಹೇಳಿಕೆ ಆಗಲೇ ಟೈಪ್ ಆಗಿತ್ತು. ಓದು ಎಂದು ಶಿರಸ್ತೇದಾರರು ನನಗೆ ಸನ್ನೆ ಮಾಡಿದರು. ನಾನು ಹಾಳೆಯ ಅಂಚನ್ನೇ ಸರಿಮಾಡುತ್ತಾ ಕೂತದ್ದನ್ನು ನೋಡಿ ಮುದುಕರೇ, “ಓದು ಬೇಟಿ. ನಿಂದೇನ್ ತಪ್ಪೈತೆ,” ಎಂದರು.

‘ನನ್ನ ತಂದೆಯು ತಾನು ಊಳಿಗಕ್ಕಿದ್ದ ಬಂಗಲೆಯಿಂದ ಈ ರಿವಾಲ್ವರನ್ನು ಕದ್ದು ತಂದು, ಸದರಿ ವಿಷಯವನ್ನು ಮನೆಯವರಿಂದ ಮುಚ್ಚಿಟ್ಟಿದ್ದರು’ ಎಂದು ಓದಿದೆ. ಒಂದಕ್ಷರವನ್ನೂ ನುಂಗಲಿಲ್ಲ.

ಮುದುಕರಿಗೆ ಓದುಬರಹ ಬಾರದು. ಮಸಿ ಹಚ್ಚಿದ ಹೆಬ್ಬೆರಳು ಕಾಗದದ ಮೇಲೆ ಹೋಗಿ ನಿಂತೇಬಿಟ್ಟಿತು. ಶಿರಸ್ತೇದಾರರು ಕೈಗವಸು ತೆಗೆದಿರಲಿಲ್ಲ. ಆ ಕೈಯಲ್ಲೇ ಮುದುಕರ ಹೆಬ್ಬೆರಳನ್ನು ಹಿಡಿದು ಒತ್ತಿದರು. ಬೆರಳು ಜಾರಿತು, ಗುರುತಿಗೊಂದು ಬಾಲ ಬಂದಂತೆ ಮಸಿ ಎಳೆದುಕೊಂಡಿತು. ಗವಸಿಗೂ ಮಸಿ ಅಂಟಿತು. ಮರುದಿನ ಅವರ ಹೆಂಡತಿ ಹಿತ್ತಲಲ್ಲಿ ಅದನ್ನು ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ, ಆ ಜಾಗ ಕತ್ತರಿಸಿ ಹೊಸ ತೇಪೆ ಹಾಕಿದರು.

ಬೀರಿನಲ್ಲಿ ಚೀಟಿ ಬಂತು. ‘ಹದಿನೇಳು. ಕಳುವಿನ ಆಯುಧ. ಕಳ್ಳನ ಮಗನ ಹೇಳಿಕೆ ಸಹಿತ.’ ಮುದುಕರು ಕೇಳಿದಂತೆಯೇ ಅದರ ಕೆಳಗೆ ತಂದೆಯ ಹೆಸರೂ ಇತ್ತು.

ತಿಂಗಳಾದ ಮೇಲೆ ಅವರು ಒಬ್ಬರೇ ಬಂದು ಫೋಟೊವನ್ನಾದರೂ ವಾಪಸ್ಸು ಕೊಡಿ ಎಂದು ಬಾಗಿಲಲ್ಲಿ ನಿಂತರು. “ಜಾತಕದಿಂದ ಹಾಳೆ ಕಿತ್ತುಕೊಡೋ ಪದ್ಧತಿ ಇಲ್ಲ,” ಎಂದು ಶಿರಸ್ತೇದಾರರು ಕೂತಲ್ಲಿಂದಲೇ ಹೇಳಿದರು. ಇಷ್ಟೆಲ್ಲ ಆದಮೇಲೂ ನಾನು ಆ ಮನೆಯ ಕೆಲಸ ಬಿಡಲಿಲ್ಲ. ಯಾಕೆಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಕೋಣೆಯಲ್ಲಿ ನಾನು ಜಾಣೆ, ಹೊರಗೆ ಬರೀ ಟೈಪಿಸ್ಟ್. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ.

ಎಂಬತ್ತರ ದಶಕ ಬಂದು ಕೆಲವು ವರ್ಷವಾಗಿತ್ತು. ಒಂದು ಮಳೆಗಾಲ ಗಾಜಿನೊಳಗೆಲ್ಲ ಬೂಷ್ಟು ಹಿಡಿಯಿತು. ಶಿರಸ್ತೇದಾರರಿಗೆ ಕಣ್ಣು ಮಂದವಾಗಿ, ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹದಿನೇಳನ್ನು ಎತ್ತಿಕೊಂಡಾಗ ಹಿಡಿಯ ಚರ್ಮ ನೆನೆದ ಹಪ್ಪಳದಂತೆ ಕೈಯಲ್ಲಿ ಕಳಚಿಬಂತು. ಒಳಗಿನ ಲೋಹದ ಮೇಲೆ ನಂಬರಿತ್ತು, ಉರುಳೆಯ ಮೇಲಿದ್ದದ್ದಲ್ಲ, ಬೇರೆಯೇ ನಂಬರು. ನೋಟ್‌ಬುಕ್ಕನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ನೋಡಿದೆ. ಈ ನಂಬರಿನ ರಿವಾಲ್ವರನ್ನು ಯಾರೂ ಕದ್ದಿರಲಿಲ್ಲ.

ರಿವಾಲ್ವರಿನ ನಿಜವಾದ ನಂಬರು ಹಿಡಿಯ ಕಡೆಯದು. ಸೈನ್ಯದ ಪಲ್ಟನ್ನಿನಲ್ಲಿ ಹತ್ತಾರು ರಿವಾಲ್ವರುಗಳನ್ನು ಒಟ್ಟಿಗೆ ಬಿಚ್ಚಿ ತೊಳೆಯುವಾಗ ಉರುಳೆಗಳು ಅದಲುಬದಲಾಗುತ್ತವೆ. ಈ ಎರಡು ಮಾತನ್ನೂ ನನಗೆ ಹೇಳಿಕೊಟ್ಟವರು ಶಿರಸ್ತೇದಾರರೇ. ಅವರ ಮುಂದೆ ಎಲ್ಲವನ್ನೂ ಇಟ್ಟೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಉರುಳೆ ಬದಲಾಗಿದೆ,” ಎಂದರು.

“ಹಂಗಾರ ಅವರ ಅಪ್ಪ ಕಳ್ಳ ಅಲ್ಲಲ್ರೀ!”

“ಹೇಳಿಕೆ ಆಗಿದೆಯಲ್ಲ.”

“ಅದು ಸುಳ್ಳು ಹೇಳಿಕಿ ಆತಲ್ರೀ.”

“ಸುಳ್ಳಾಗಿದ್ರೆ ಯಾಕೆ ಹೆಬ್ಬೆಟ್ಟು ಒತ್ತಿದ? ಓದಿ ಹೇಳಿದ್ದೀವಿ. ಒಪ್ಪಿದ್ದಾನೆ. ಓದಿದವಳು ನೀನೇ ಅಲ್ವಾ, ಧಾರವಾಡ?”

ಅವರು ಭೂತಗನ್ನಡಿಯನ್ನು ಪೆಟ್ಟಿಗೆಗೆ ಹಾಕಿ, “ಚರ್ಮ ಮತ್ತೆ ಹೊಲಿಸ್ಬೇಕು. ಅದೇ ಹೊಲಿಗೆ. ಆ ಮುದುಕನ ಹತ್ರಾನೇ ತಗೊಂಡ್ಹೋಗು,” ಎಂದರು.

ಹೋದೆ. ಪಿನ್ನಿಲ್ಲದ ರಿವಾಲ್ವರು, ಅದರ ಸರ್ಟಿಫಿಕೇಟು, ಎರಡನ್ನೂ ತರಕಾರಿ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಯಶವಂತಪುರಕ್ಕೆ ಹೋದೆ. ಮುದುಕರು ನನ್ನನ್ನು ನೋಡಿ ಬೈಯಲಿಲ್ಲ. ಚಾಪೆ ಒದರಿ ಹಾಕಿ ಕೂರಿಸಿದರು. ಹಳೆಯ ಚರ್ಮದ ಚೂರುಗಳನ್ನು ಬಿಡಿಸಿ, ಅದರ ಅಳತೆಗೆ ಹೊಸದನ್ನು ಕತ್ತರಿಸಿ, ಮಧ್ಯಾಹ್ನವೆಲ್ಲ ಹೊಲಿದರು. ಆ ನಂಬರು ಅವರ ಹೆಬ್ಬೆರಳಿನ ಕೆಳಗೇ ಇತ್ತು. ಅದರ ಅರ್ಥ ಅವರಿಗೆ ಗೊತ್ತಿರಲಿಲ್ಲ, ಹೇಳಬೇಕಾದವಳು ಎದುರಿಗೆ ಟೀ ಕುಡಿಯುತ್ತಾ ಕೂತಿದ್ದೆ.

“ಮಗನ ಕೆಲಸ ಕಾಯಂ ಆಯ್ತು,” ಎಂದರು, ದಾರವನ್ನು ಹಲ್ಲಿನಲ್ಲಿ ಕತ್ತರಿಸುತ್ತಾ. “ಮೊಮ್ಮಗ ಹುಟ್ಟವ್ನೆ. ಬಾವಾ ಹೆಸರು ಇಡ್ಬೇಕು ಅಂತಿದ್ದೆ ಬೇಟಿ. ಮಗ ಬೇಡ ಅಂದ. ಕಳ್ಳನ ಹೆಸರು ಬೇಡ ಅಂದ.”

ಸಂಜೆ ಶಿಫ್ಟು ಮುಗಿಸಿ ಬಂದ ಮಗ ಹೊಸಿಲಲ್ಲೇ ರಿವಾಲ್ವರನ್ನು ಕಂಡು, ಒಳಗೆ ಬರದೆ ಸೈಕಲ್ ತಿರುಗಿಸಿಕೊಂಡು ಹೋದ. ಆಗಲೂ ನಾನು ಹೇಳಲಿಲ್ಲ. ಕಾಗದವಿಲ್ಲದೆ ಬರೀ ಬಾಯಿಮಾತಿನಲ್ಲಿ ಹೇಳಿದರೆ ಆ ಮಗ ನಂಬುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಮಟ್ಟಿಗೆ ನಾನು ಶಿರಸ್ತೇದಾರರ ಶಿಷ್ಯೆಯಾಗಿದ್ದೆ.

ಮರುವರ್ಷ ಶಿರಸ್ತೇದಾರರಿಗೆ ಲಕ್ವ ಹೊಡೆಯಿತು. ಬಲಭಾಗ ಬಿತ್ತು, ಮಾತು ಹೋಯಿತು. ಕಣ್ಣು ಕಿವಿ ನೆಟ್ಟಗಿದ್ದವು, ಎಲ್ಲವೂ ತಿಳಿಯುತ್ತಿತ್ತು. ರಿವಾಲ್ವರುಗಳನ್ನು ಜಾತಕಗಳ ಸಮೇತ ಒಂದು ವಸ್ತುಸಂಗ್ರಹಾಲಯಕ್ಕೆ ಕೊಡುವುದೆಂದು ಅವರು ಮೊದಲೇ ಬರೆದಿಟ್ಟಿದ್ದರು. ಅಲ್ಲಿಯವರು ಮುಂದಿನ ವಾರ ಬರುವವರಿದ್ದರು. ಅಲ್ಲಿಗೆ ಹೋದಮೇಲೆ ಆ ಚೀಟಿಯನ್ನು ಊರೆಲ್ಲ ಓದುತ್ತದೆ. ನಾನು ಅದೇ ಯಂತ್ರದಲ್ಲಿ ಒಂದು ಹೇಳಿಕೆ ಟೈಪ್ ಮಾಡಿದೆ, ಎರಡು ಪ್ರತಿ. ಸಂಜೆ ನಾಲ್ಕಕ್ಕೆ, ನಮ್ಮ ಕೆಲಸದ ಹೊತ್ತಿಗೆ ಸರಿಯಾಗಿ, ಅವರ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡೆ. ಸಾಕ್ಷಿಗೆ ಮನೆಯವರು ಬೇಕಲ್ಲ, ಅವರ ಹೆಂಡತಿಯನ್ನು ಕರೆದೆ.

‘ಹದಿನೇಳನೆಯ ರಿವಾಲ್ವರಿನ ವಿಷಯದಲ್ಲಿ ನಾನು ಉರುಳೆಯ ನಂಬರನ್ನು ಮಾತ್ರ ನೋಡಿ ತಪ್ಪು ಮಾಡಿದೆನು. ಹಿಡಿಯ ನಂಬರು ಕಳುವಿನ ಪಟ್ಟಿಯಲ್ಲಿ ಇರುವುದಿಲ್ಲ. ಸದರಿಯವರ ತಂದೆ ಕಳ್ಳರಲ್ಲ. ತಪ್ಪು ತಿಳಿದ ಮೇಲೂ ನಾನು ಅದನ್ನು ಮುಚ್ಚಿಟ್ಟೆನು. ಮಗನ ಕೆಲಸ ಹೋಗುವುದೆಂದು ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡೆನು.’ ಇಲ್ಲಿ ಸದರಿಯವರು ಎಂದ ಕಡೆ ಕಾಗದದಲ್ಲಿ ಹೆಸರುಗಳಿದ್ದವು. ಒಂದಕ್ಷರ ನುಂಗದೆ ಓದಿದೆ. ಅವರ ಮುಖ ಕುಸಿಯುವುದನ್ನು ನೋಡಿದೆ. ನನಗೆ ಹಿತವಾಯಿತು. ಸುಳ್ಳು ಹೇಳಲಾರೆ, ಬಹಳ ಹಿತವಾಯಿತು.

ಗಂಡಸರು ಕಾಗದಕ್ಕೆ ಒತ್ತಬೇಕಾದದ್ದು ಎಡ ಹೆಬ್ಬೆರಳು. ಜೀವವಿದ್ದದ್ದೂ ಆ ಕೈಯಲ್ಲೇ. ಮಸಿಯ ಪೆಟ್ಟಿಗೆ ತೆರೆದೊಡನೆ ಅವರು ಮುಷ್ಟಿ ಕಟ್ಟಿದರು. ನಾನು ಎಳೆದೆ, ಬಿಡಲಿಲ್ಲ. ಗಂಟಲಿನಿಂದ ಏನೋ ಶಬ್ದ ಬಂತು. ಇನ್ನು ಆಗದು ಎಂದು ನಾನು ಕೈ ಬಿಡುವಷ್ಟರಲ್ಲಿ ಅವರ ಹೆಂಡತಿ ಮಂಚದ ಆಚೆಯಿಂದ ಬಂದು ಅವರ ಮಣಿಕಟ್ಟನ್ನು ಹಿಡಿದುಕೊಂಡರು. ಹತ್ತು ವರ್ಷ ಆ ಕೋಣೆಯಲ್ಲಿ ಒಂದು ಮಾತೂ ಆಡದಿದ್ದ ಹೆಂಗಸು. ಗಂಡನ ಮುಷ್ಟಿಯನ್ನು ಒಂದೊಂದೇ ಬೆರಳು, ಅವಸರವಿಲ್ಲದೆ, ಬಿಡಿಸಿದರು.

“ಒತ್ತಮ್ಮ,” ಎಂದರು.

ಎರಡು ಪ್ರತಿಯ ಮೇಲೂ ಒತ್ತಿದೆ. ಆಕೆ ಸೆರಗಿನಿಂದ ಗಂಡನ ಬೆರಳು ಒರೆಸಿ, ಸಾಕ್ಷಿಯ ಜಾಗದಲ್ಲಿ ನಿಧಾನವಾಗಿ ತಮ್ಮ ಹೆಸರು ಬರೆದರು. ಆಕೆಯ ಹೆಸರನ್ನು ನಾನು ತಿಳಿದದ್ದು ಆ ದಿನ. ಶಿರಸ್ತೇದಾರರು ಗೋಡೆಯ ಕಡೆ ಮುಖ ತಿರುಗಿಸಿದರು, ಮತ್ತೆ ನನ್ನ ಕಡೆ ನೋಡಲಿಲ್ಲ. ಒಂಬತ್ತನೆಯ ದಿನ ತೀರಿಕೊಂಡರು. ಹೆಣದ ಕೈಗೆ ಆ ಬಿಳಿ ಗವಸುಗಳನ್ನು ಹಾಕಲೇ ಎಂದು ಯಾರೋ ಕೇಳಿದಾಗ ಆಕೆ ಬೇಡ ಎಂದರು.

ವಸ್ತುಸಂಗ್ರಹಾಲಯದವರು ಬರುವ ಮುನ್ನವೇ ಒಂದು ಪ್ರತಿಯನ್ನು ಜಾತಕದಲ್ಲಿಟ್ಟು, ಬೀರಿನ ಚೀಟಿಯನ್ನು ಹರಿದು ಹಾಕಿದೆ. ಜಾತಕದಿಂದ ಫೋಟೊ ಕಿತ್ತುಕೊಂಡೆ. ಅದನ್ನೂ ಇನ್ನೊಂದು ಪ್ರತಿಯನ್ನೂ ಹಿಡಿದು ಗಾದಿ ಅಂಗಡಿಗೆ ಹೋದೆ. ಅಂದು ರಜೆ, ಮಗನೂ ಇದ್ದ. ವಿಷಯ ಹೇಳಿದಾಗ ಮುದುಕರು ಹತ್ತಿ ಪಕ್ಕಕ್ಕೆ ಸರಿಸಿ, ಮಗನನ್ನು ಎದುರಿಗೆ ಕೂರಿಸಿ, “ಜೋರಾಗಿ ಓದು ಬೇಟಿ,” ಎಂದರು. ಓದಿ ಮುಗಿಸಿದೆ. ಆಮೇಲೆ ಮಗ, “ಅಜ್ಜನ ಹೆಸರಿರೋ ಸಾಲು ಇನ್ನೊಂದ್ಸಲ ಓದಿ ಅಕ್ಕಾ,” ಎಂದ. ಓದಿದೆ. ಅವನು ಫೋಟೊವನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿಯ ತುದಿಯಲ್ಲಿ ಒರೆಸತೊಡಗಿದ.

ಮುದುಕರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಹೆಬ್ಬೆಟ್ಟಿನ ಗುರುತು ನೋಡಿದರು.

“ಸಾಹೇಬ್ರು ಒಪ್ಪಿ ಒತ್ತಿದ್ರಾ?”

“ಹೂಂ ರೀ. ಒಪ್ಪೇ ಒತ್ತಿದ್ರು.”

ಅವರು ತಮ್ಮ ಹೆಬ್ಬೆರಳನ್ನು ಆ ಗುರುತಿನ ಪಕ್ಕದ ಮಸಿಯ ಬಾಲದ ಮೇಲೆ ಇಟ್ಟು ನಿಧಾನವಾಗಿ ಎಳೆದರು.

“ನಂದೂ ಹಿಂಗೇ ಜಾರಿತ್ತು ಬೇಟಿ,” ಎಂದು ಕಾಗದವನ್ನು ಮಡಿಚಿ ನನ್ನ ಕೈಗೆ ವಾಪಸ್ಸು ಕೊಟ್ಟರು. “ಫೋಟೊ ಸಾಕು. ಇದನ್ನ ನೀನೇ ಇಟ್ಕೋ.”

ಅದು ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ಬರೆದಿರುವುದೆಲ್ಲ ನಿಜ, ‘ಸ್ವಂತ ಇಚ್ಛೆಯಿಂದ’ ಎಂಬ ಕೊನೆಯ ಸಾಲೊಂದನ್ನು ಬಿಟ್ಟು. ದಾಖಲೆ ಕೊಠಡಿಯಲ್ಲಿ ಮುಂದೆ ಸಾವಿರಾರು ಕಾಗದಗಳು ನನ್ನ ಕೈಗೆ ಬಂದವು, ಪ್ರತಿಯೊಂದರಲ್ಲೂ ಒಕ್ಕಣೆ ಓದುವ ಮೊದಲು ಹೆಬ್ಬೆಟ್ಟು ಜಾರಿದೆಯೇ ಎಂದು ನೋಡಿದೆ. ಆ ಕಣ್ಣನ್ನು ನನಗೆ ಕೊಟ್ಟವರು ಶಿರಸ್ತೇದಾರರು. ಒಲ್ಲದ ಬೆರಳನ್ನು ಹಿಡಿದು ಒತ್ತಿದ ಕೈಯನ್ನು ಕೊಟ್ಟವರೂ ಅವರೇ.